ಛತ್ರದಲ್ಲಿ ಜಾಗ ಸಿಕ್ಕಾಗ: ಒಂದು ನಾಟಕ, ಒಂದು ಕಡಿಮೆ ಖರ್ಚಿನ ಸಿನಿಮಾ ಮತ್ತು ನೇಪಥ್ಯ

ಹೆಸರಿನಿಂದಲೇ ಶುರು ಮಾಡೋಣ. ಲೂಕನ ಸುವಾರ್ತೆಯಲ್ಲಿ ತುಂಬು ಗರ್ಭಿಣಿ ಮರಿಯಳಿಗೆ ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳ ಸಿಗುವುದಿಲ್ಲ. ಹುಟ್ಟಿದ ಮಗುವನ್ನು ಗೋದಲಿಯಲ್ಲಿ ಮಲಗಿಸಬೇಕಾಗುತ್ತದೆ. ಇವತ್ತು ನಾವು ಮಾತಾಡಲಿರುವ 1948ರ ಇಂಗ್ಲಿಷ್ ಸಿನಿಮಾದ ಹೆಸರು ಅಲ್ಲಿಂದಲೇ ಬಂದದ್ದು: ‘ನೋ ರೂಮ್ ಅಟ್ ದಿ ಇನ್’. ಅದರಲ್ಲೂ ಒಬ್ಬಳು ಮೇರಿ ಇದ್ದಾಳೆ, ಶಾಲೆಗೆ ಹೋಗುವ ಹುಡುಗಿ. ಆದರೆ ಈ ಮೇರಿಗೆ ಛತ್ರದಲ್ಲಿ ಜಾಗ ಸಿಗುತ್ತದೆ. ಕಷ್ಟ ಶುರುವಾಗುವುದೇ ಅಲ್ಲಿಂದ.

ಕಥೆಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1939ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ, ಬಾಂಬ್ ದಾಳಿಯ ಭಯದಿಂದ, ಬ್ರಿಟನ್ನಿನ ದೊಡ್ಡ ಊರುಗಳಿಂದ ಸುಮಾರು 15 ಲಕ್ಷ ಜನರನ್ನು ಹಳ್ಳಿಗಳಿಗೂ ಚಿಕ್ಕ ಪಟ್ಟಣಗಳಿಗೂ ಸಾಗಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಪ್ಪ ಅಮ್ಮ ಜೊತೆಗಿಲ್ಲದ ಶಾಲಾಮಕ್ಕಳು. ಮಗುವನ್ನು ಮನೆಗೆ ಸೇರಿಸಿಕೊಂಡವರಿಗೆ ಸರ್ಕಾರ ಹಣ ಕೊಡುತ್ತಿತ್ತು. ಒಂದೇ ಮಗುವಾದರೆ ವಾರಕ್ಕೆ 10 ಶಿಲಿಂಗ್ 6 ಪೆನ್ಸ್. ಒಂದಕ್ಕಿಂತ ಹೆಚ್ಚಿದ್ದರೆ ತಲೆಗೆ 8 ಶಿಲಿಂಗ್ 6 ಪೆನ್ಸ್. ಈ ಲೆಕ್ಕ ನೆನಪಿರಲಿ. ನಮ್ಮ ಕಥೆಯ ಮನೆಯೊಡತಿ ಮಿಸೆಸ್ ವೋರೇ ಬಳಿ ಮೇರಿಯೂ ಸೇರಿ ಹೀಗೆ ಬಂದ ಐದು ಮಕ್ಕಳಿದ್ದಾರೆ. ಐದು ಎಂಟೂವರೆ ಅಂದರೆ 42 ಶಿಲಿಂಗ್ 6 ಪೆನ್ಸ್, ಎರಡು ಪೌಂಡಿಗಿಂತ ಸ್ವಲ್ಪ ಹೆಚ್ಚು. ಮಕ್ಕಳಿಗೆ ಸರಿಯಾಗಿ ಊಟ ಹಾಕಿದರೆ ಅದರಲ್ಲಿ ಏನೂ ಮಿಗುವುದಿಲ್ಲ. ಹಾಕದಿದ್ದರೆ ಪ್ರತಿ ವಾರ ಕುಡಿತಕ್ಕೆ ಕಾಸು ಸಿಗುತ್ತದೆ. ಇಡೀ ಕಥೆ ನಿಂತಿರುವುದು ಆ ಉಳಿತಾಯದ ಮೇಲೆ.

ಈ ಸಿನಿಮಾ ಹುಟ್ಟಿದ್ದು ಅದೇ ಹೆಸರಿನ ನಾಟಕದಿಂದ. ಅದನ್ನು ಬರೆದವರು ಜೋನ್ ಟೆಂಪಲ್. 1945ರಲ್ಲಿ ಉತ್ತರ ಲಂಡನ್ನಿನ ಸ್ವಿಸ್ ಕಾಟೇಜ್‌ನಲ್ಲಿರುವ ಎಂಬಸಿ ಥಿಯೇಟರಿನಲ್ಲಿ ಅದು ಮೊದಲು ರಂಗಕ್ಕೆ ಬಂತು. ಎಂಬಸಿ ಆಗ ಒಂದು ರೀತಿಯ ಒರೆಗಲ್ಲಾಗಿತ್ತು. ಆಂಥನಿ ಹಾಟ್ರಿ ನಡೆಸುತ್ತಿದ್ದ ಆ ರಂಗಮಂದಿರದಲ್ಲಿ ಹೊಸ ನಾಟಕವೊಂದು ಕೆಲವು ವಾರ ನಡೆಯುತ್ತಿತ್ತು, ಜನ ಹಿಡಿದರೆ ನಗರದ ನಡುವಿನ ವೆಸ್ಟ್ ಎಂಡ್‌ಗೆ ಹೋಗುತ್ತಿತ್ತು. ಈ ನಾಟಕವನ್ನು ಜನ ಹಿಡಿದರು. 1946ರಲ್ಲಿ ಅದು ವಿಂಟರ್ ಗಾರ್ಡನ್ ಥಿಯೇಟರಿಗೆ ಬಂದು ಬಹಳ ಕಾಲ ನಡೆಯಿತು. ಮಿಸೆಸ್ ವೋರೇ ಪಾತ್ರ ಮಾಡಿದ ಫ್ರೀಡಾ ಜಾಕ್ಸನ್ ಒಂದೇ ಪಾತ್ರದಿಂದ ಮನೆಮಾತಾದರು.

ಜನ ಹಿಡಿದದ್ದಕ್ಕೆ ಕಾರಣವಿತ್ತು. 1945ರ ಜನವರಿ 9ರಂದು ಶ್ರಾಪ್‌ಶೈರಿನ ಒಂದು ಒಂಟಿ ತೋಟದ ಮನೆಯಲ್ಲಿ ಡೆನಿಸ್ ಓನೀಲ್ ಎಂಬ 12 ವರ್ಷದ ಹುಡುಗ ಸತ್ತ. ವೇಲ್ಸ್‌ನ ನ್ಯೂಪೋರ್ಟ್ ನಗರಸಭೆ ಅವನನ್ನು ಸಾಕಲು ಅಲ್ಲಿಗೆ ಕಳಿಸಿತ್ತು. ಹೊಡೆತ, ಹಸಿವು, ಯಾರೂ ಬಂದು ನೋಡದಿರುವುದು, ಎಲ್ಲವೂ ಸೇರಿ ಆದ ಸಾವು ಅದು. ವಿಚಾರಣೆ ಪತ್ರಿಕೆಗಳ ತುಂಬ ಬಂತು. ಸರ್ ವಾಲ್ಟರ್ ಮಾಂಕ್ಟನ್ ತನಿಖೆ ನಡೆಸಿದರು. ಹೆತ್ತವರ ಜೊತೆಗಿಲ್ಲದ ಮಕ್ಕಳ ಆರೈಕೆಯನ್ನು ಪರಿಶೀಲಿಸಿದ ಕರ್ಟಿಸ್ ಸಮಿತಿಯ ವರದಿ 1946ರಲ್ಲಿ ಬಂತು, 1948ರಲ್ಲಿ ಮಕ್ಕಳ ಕಾಯಿದೆ ಬಂದು ಪ್ರತಿ ಸ್ಥಳೀಯ ಆಡಳಿತದಲ್ಲೂ ಮಕ್ಕಳಿಗೆಂದೇ ಒಂದು ವಿಭಾಗ ಶುರುವಾಯಿತು. ಅಗಾಥಾ ಕ್ರಿಸ್ಟಿ ಅವರ ‘ದಿ ಮೌಸ್‌ಟ್ರಾಪ್’ ನಾಟಕ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. 1952ರಿಂದ ಲಂಡನ್ನಿನಲ್ಲಿ ನಡೆಯುತ್ತಿರುವ ನಾಟಕ ಅದು. ಅದರ ಒಡಲಲ್ಲಿರುವ ತೋಟದ ಮನೆಯ ಹಳೆಯ ಅನ್ಯಾಯದ ಮೂಲವೂ ಇದೇ ಪ್ರಕರಣ. ಒಬ್ಬ ಹುಡುಗನ ಸಾವು ಒಂದು ಕಾಯಿದೆಗೆ ಕಾರಣವಾಯಿತು, ರಂಗಭೂಮಿಯ ಮೇಲೂ ಇಷ್ಟು ದೂರದವರೆಗೆ ನೆರಳು ಚಾಚಿತು.

ಈಗ ಸಿನಿಮಾಕ್ಕೆ ಬರೋಣ. ತಯಾರಿಸಿದ್ದು ಬ್ರಿಟಿಷ್ ನ್ಯಾಷನಲ್ ಎಂಬ ಕಂಪನಿ. ಇಲ್ಲಿ ಒಂದು ಸಣ್ಣ ಅಡ್ಡದಾರಿ ಹಿಡಿಯುತ್ತೇನೆ, ಯಾಕೆಂದರೆ ಅದು ನಮ್ಮ ದೇಶಕ್ಕೆ ಬರುವ ದಾರಿ. 1934ರಲ್ಲಿ ಈ ಕಂಪನಿ ಕಟ್ಟಿದ ಮೂವರು ಜೆ. ಆರ್ಥರ್ ರ‍್ಯಾಂಕ್, ಜಾನ್ ಕಾರ್ಫೀಲ್ಡ್ ಮತ್ತು ಲೇಡಿ ಯೂಲ್. ಲೇಡಿ ಯೂಲ್ ಅವರ ಗಂಡ ಸರ್ ಡೇವಿಡ್ ಯೂಲ್ ಕಲ್ಕತ್ತೆಯ ಸೆಣಬು, ಚಹಾ, ಕಲ್ಲಿದ್ದಲಿನ ದೊರೆ. ಆಂಡ್ರೂ ಯೂಲ್ ಕಂಪನಿ ಇವತ್ತಿಗೂ ಕಲ್ಕತ್ತೆಯಲ್ಲಿದೆ, ಈಗ ಭಾರತ ಸರ್ಕಾರದ ಒಡೆತನದಲ್ಲಿ. ಹೂಗ್ಲಿ ದಂಡೆಯ ಸೆಣಬಿನ ಗಿರಣಿಗಳಲ್ಲಿ ಹುಟ್ಟಿದ ಸಂಪತ್ತಿನ ಒಂದು ಭಾಗ ಲಂಡನ್ನಿನ ಹೊರವಲಯದ ಬೋರ‍್ಹ್ಯಾಮ್‌ವುಡ್‌ನಲ್ಲಿ ಸಿನಿಮಾ ರೀಲಾಯಿತು. ಆ ಸ್ಟುಡಿಯೋ ಮುಂದೆ ಬಿಬಿಸಿಯ ಕೈಗೆ ಬಂತು. ದಶಕಗಳಿಂದ ನಡೆಯುತ್ತಿರುವ ‘ಈಸ್ಟ್‌ಎಂಡರ್ಸ್’ ಟಿವಿ ಧಾರಾವಾಹಿಯನ್ನು ಅಲ್ಲೇ ಚಿತ್ರಿಸುತ್ತಾರೆ.

ಕಾಲ ಚೆನ್ನಾಗಿರಲಿಲ್ಲ. 1946ರಲ್ಲಿ ಬ್ರಿಟನ್ನಿನ ಸಿನಿಮಾ ಮಂದಿರಗಳಲ್ಲಿ 163 ಕೋಟಿ ಟಿಕೆಟ್ ಮಾರಾಟವಾಗಿದ್ದವು. ಅದಕ್ಕಿಂತ ದೊಡ್ಡ ವರ್ಷ ಅಲ್ಲಿ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. 1947ರ ಆಗಸ್ಟಿನಲ್ಲಿ ಡಾಲರ್ ಉಳಿಸಲೆಂದು ಸರ್ಕಾರ ಅಮೆರಿಕದ ಚಿತ್ರಗಳ ಮೇಲೆ 75 ಪ್ರತಿಶತ ಸುಂಕ ಹೇರಿತು. ಹಾಲಿವುಡ್ ಹೊಸ ಚಿತ್ರ ಕಳಿಸುವುದನ್ನೇ ನಿಲ್ಲಿಸಿತು. ಖಾಲಿಯಾದ ಪರದೆ ತುಂಬಲು ಬ್ರಿಟಿಷ್ ನಿರ್ಮಾಪಕರು ಅವಸರದಿಂದ ಚಿತ್ರ ತೆಗೆಯತೊಡಗಿದರು. ಅಷ್ಟರಲ್ಲಿ, 1948ರ ಮಾರ್ಚಿನಲ್ಲಿ, ಸುಂಕದ ಜಗಳ ಮುಗಿದು ತಡೆದಿಟ್ಟಿದ್ದ ಅಮೆರಿಕದ ಚಿತ್ರಗಳೆಲ್ಲ ಒಟ್ಟಿಗೆ ನುಗ್ಗಿಬಂದವು. ಸಣ್ಣ ಕಂಪನಿಗಳಿಗೆ ಅದು ದೊಡ್ಡ ಹೊಡೆತ. ಬ್ರಿಟಿಷ್ ನ್ಯಾಷನಲ್ ಅದೇ ವರ್ಷ ಮುಚ್ಚಿತು. ನಮ್ಮ ಚಿತ್ರ ಅದರ ಕೊನೆಯ ಕೆಲವು ಚಿತ್ರಗಳಲ್ಲೊಂದು.

ಇಂಥ ಹೊತ್ತಿನಲ್ಲಿ ಓಡಿದ ನಾಟಕ ಎಂದರೆ ನಿರ್ಮಾಪಕನಿಗೆ ವರ. ಕಥೆಯ ಹೆಸರು ಜನರ ಬಾಯಲ್ಲಿರುತ್ತದೆ. ಸಂಭಾಷಣೆ ನೂರಾರು ಸಲ ಜನರ ಮುಂದೆ ಪರೀಕ್ಷೆಯಾಗಿರುತ್ತದೆ. ನಟಿಗೆ ಪಾತ್ರ ಕರತಲಾಮಲಕ. ಎಲ್ಲಕ್ಕಿಂತ ಮಿಗಿಲಾಗಿ ಕಥೆ ನಡೆಯುವುದು ಒಂದೇ ಮನೆಯಲ್ಲಿ. ಒಂದು ಸೆಟ್ ಹಾಕಿದರೆ ಚಿತ್ರದ ಬಹುಪಾಲು ಮುಗಿಯಿತು. ಕಾಗದದ ಮೇಲೆ ಇದು ಸುಲಭವಾಗಿ ಕಾಣುತ್ತದೆ. ಕೆಲಸಕ್ಕೆ ಇಳಿದಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ಅಳತೆ. ಮೂರು ಅಂಕದ ನಾಟಕಕ್ಕೆ ಎರಡು ಗಂಟೆಯಾದರೂ ಬೇಕು, ಸಾಮಾನ್ಯವಾಗಿ ಇನ್ನೂ ಹೆಚ್ಚು. ಈ ಸಿನಿಮಾದ ಉದ್ದ 82 ನಿಮಿಷ. 35 ಮಿಲಿಮೀಟರ್ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ, ಹಾಗಾಗಿ 7,380 ಅಡಿ. ಹೊರಗಿನ ದೃಶ್ಯಗಳನ್ನು ಹೊಸದಾಗಿ ಸೇರಿಸಿದ್ದನ್ನೂ ಲೆಕ್ಕಕ್ಕೆ ಹಿಡಿದರೆ ನಾಟಕದ ಮಾತಿನಲ್ಲಿ ಅರ್ಧದಷ್ಟು ಹೋಗಲೇಬೇಕು. ಯಾವ ಅರ್ಧ? ಅನುಭವವಿಲ್ಲದವರು ಉದ್ದದ ಮಾತುಗಳನ್ನು ಹುಡುಕಿ ಕತ್ತರಿಸುತ್ತಾರೆ. ಅದು ತಪ್ಪು. ಮೊದಲು ಹೋಗಬೇಕಾದ್ದು ಪ್ರವೇಶ, ನಿರ್ಗಮನದ ಮಾತುಗಳು. ರಂಗದ ಮೇಲೆ ಒಬ್ಬ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರಲು ಸಮಯ ಬೇಕು, ಆ ಹೊತ್ತನ್ನು ಮಾತಿನಿಂದ ತುಂಬಿರುತ್ತಾರೆ. ಸಿನಿಮಾದಲ್ಲಿ ಒಂದು ಕಟ್ ಸಾಕು. ಆಮೇಲೆ ಹೋಗಬೇಕಾದ್ದು ನಗುವಿಗಾಗಿ ಬಿಟ್ಟ ಜಾಗ. ನಾಟಕದಲ್ಲಿ ಪ್ರೇಕ್ಷಕರು ನಕ್ಕು ಮುಗಿಸುವವರೆಗೆ ನಟಿ ಕಾಯುತ್ತಾಳೆ. ನೂರಾರು ಪ್ರದರ್ಶನ ಮಾಡಿದವಳ ಮೈಗೆ ಆ ಕಾಯುವಿಕೆ ಅಂಟಿಕೊಂಡಿರುತ್ತದೆ. ಸ್ಟುಡಿಯೋದಲ್ಲಿ ನಗುವವರಿಲ್ಲ. ಅಲ್ಲೂ ಅದೇ ವಿರಾಮ ಕೊಟ್ಟರೆ ದೃಶ್ಯದ ನಡುವೆ ಗುಂಡಿ ಬೀಳುತ್ತದೆ.

ಎರಡನೆಯದು ನಾಲ್ಕನೆಯ ಗೋಡೆ. ರಂಗದ ಮನೆಗೆ ಮೂರೇ ಗೋಡೆ. ನಾಲ್ಕನೆಯ ಕಡೆ ನೀವು ಕೂತಿರುತ್ತೀರಿ. ಸಿನಿಮಾದಲ್ಲಿ ಇಬ್ಬರು ಎದುರುಬದುರು ಮಾತಾಡಿದರೆ ಒಬ್ಬಳ ಬೆನ್ನ ಹಿಂದೆ ಆ ನಾಲ್ಕನೆಯ ಗೋಡೆ ಕಾಣಬೇಕು. ಅಂದರೆ ಅದನ್ನು ಕಟ್ಟಬೇಕು, ಬಣ್ಣ ಹೊಡೆಯಬೇಕು, ಹಳೆಯದಾಗಿ ಕಾಣುವಂತೆ ಕೊಳೆ ಹಚ್ಚಬೇಕು. ಕ್ಯಾಮೆರಾ ಹಿಂದಕ್ಕೆ ಸರಿಯಬೇಕಾದಾಗ ತೆಗೆದಿಡುವಂತೆಯೂ ಇರಬೇಕು. ಯುದ್ಧ ಮುಗಿದ ಆ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಮರದ ಮಾರಾಟಕ್ಕೂ ನಿಯಂತ್ರಣವಿತ್ತು, ಬಾಂಬಿಗೆ ಬಿದ್ದ ಮನೆಗಳನ್ನು ಕಟ್ಟುವುದಕ್ಕೇ ಮರ ಸಾಲುತ್ತಿರಲಿಲ್ಲ. ಖರ್ಚು ಉಳಿಸಲು ಕೆಲವರು ಆ ಗೋಡೆಯನ್ನೇ ಕಟ್ಟದೆ ಎಲ್ಲ ಶಾಟುಗಳನ್ನೂ ಒಂದೇ ಕಡೆಯಿಂದ ತೆಗೆಯುತ್ತಿದ್ದರು. ಅಂಥ ಚಿತ್ರ ನೋಡಿದರೆ ನಿಮಗೆ ಕಾರಣ ಹೊಳೆಯದಿದ್ದರೂ ‘ಇದು ನಾಟಕದ ಹಾಗಿದೆ’ ಅನ್ನಿಸುತ್ತದೆ. ಮಾತು ಹೆಚ್ಚಾದದ್ದಕ್ಕೆ ಹಾಗನ್ನಿಸಿತು ಎಂದು ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಕಾರಣ ಮಾತಲ್ಲ, ನಾವು ಯಾವತ್ತೂ ಕಾಣದ ಆ ಗೋಡೆ.

ಮೂರನೆಯದು ಧ್ವನಿ. ಹಿಂದಿನ ಸಾಲಿನವರಿಗೂ ಕೇಳಿಸುವಂತೆ ಎದೆಯಿಂದ ಮಾತಾಡಿ ರೂಢಿಯಾದ ನಟಿಯ ತಲೆಯ ಮೇಲೆ ಈಗ ಮೈಕು ತೂಗುತ್ತಿದೆ. 1948ರಲ್ಲಿ ಧ್ವನಿಯನ್ನೂ ಫಿಲಂ ಮೇಲೆ ಬೆಳಕಿನ ಗೆರೆಯಾಗಿ ಮುದ್ರಿಸುತ್ತಿದ್ದರು. ಮ್ಯಾಗ್ನೆಟಿಕ್ ಟೇಪು ಬ್ರಿಟಿಷ್ ಸ್ಟುಡಿಯೋಗಳಿಗೆ ಬಂದದ್ದು ಆಮೇಲೆ. ಫಿಲಂ ತೊಳೆದು ಬರುವವರೆಗೆ ಮಾತು ಹೇಗೆ ಬಂದಿದೆ ಎಂದು ನಿಜವಾಗಿ ಗೊತ್ತಾಗುತ್ತಿರಲಿಲ್ಲ. ಜೋರಾಗಿ ಕಿರುಚಿದರೆ ಆ ಗೆರೆ ಒಡೆದು ಧ್ವನಿ ಕರ್ಕಶವಾಗುತ್ತಿತ್ತು. ಮಿಸೆಸ್ ವೋರೇಯಂಥ, ಕಿರುಚುವುದೇ ಕಸುಬಾದ ಪಾತ್ರಕ್ಕೆ ಇದು ದೊಡ್ಡ ತೊಡಕು. ಫ್ರೀಡಾ ಜಾಕ್ಸನ್ ಅದನ್ನು ಹೇಗೆ ದಾಟಿದರು ಎಂಬುದನ್ನು ಚಿತ್ರ ನೋಡುವಾಗ ಗಮನಿಸಿ. ಅಧಿಕಾರಿಗಳು, ಪಾದ್ರಿ, ಗಂಡಸರು ಬಂದಾಗ ಅವರ ದನಿಯಲ್ಲಿ ಜೇನು. ಬಾಗಿಲು ಮುಚ್ಚಿದ ಕ್ಷಣ ಅದು ಒರಟಾಗುತ್ತದೆ, ಆದರೆ ಜೋರಾಗಬೇಕೆಂದೇನಿಲ್ಲ. ಭಯ ಹುಟ್ಟುವುದು ದನಿಯ ಎತ್ತರದಿಂದಲ್ಲ, ಆ ತಿರುವಿನಿಂದ. ಅವರು ಲಂಡನ್ನಿನ ಹೆಸರಾಂತ ಓಲ್ಡ್ ವಿಕ್ ರಂಗಮಂದಿರದಲ್ಲಿ ಶೇಕ್ಸ್‌ಪಿಯರ್ ಮಾಡಿದ ನಟಿ. ಲಾರೆನ್ಸ್ ಒಲಿವಿಯೇ ಅವರ 1944ರ ‘ಹೆನ್ರಿ ದಿ ಫಿಫ್ತ್’ನಲ್ಲಿ ಛತ್ರದೊಡತಿ, ಡೇವಿಡ್ ಲೀನ್ ಅವರ 1946ರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನಲ್ಲಿ ಬಡಪಾಯಿ ಪಿಪ್‌ನನ್ನು ಹೊಡೆಯುವ ಅಕ್ಕ. ಅಂದರೆ ಮಿಸೆಸ್ ವೋರೇ ಪರದೆಯ ಮೇಲೆ ಬರುವ ಹೊತ್ತಿಗೆ, ನಾಟಕ ನೋಡದ ಪ್ರೇಕ್ಷಕರಿಗೂ ಈ ಮುಖ ಮತ್ತು ಮಕ್ಕಳ ಮೇಲೆ ಎತ್ತಿದ ಕೈ ಎರಡೂ ಪರಿಚಿತವಾಗಿದ್ದವು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡ ವಿಷಯ. ನಾಟಕವನ್ನು ಸಿನಿಮಾ ಮಾಡುವಾಗ ಎಲ್ಲರೂ ಹೇಳುವ ಮಾತೊಂದಿದೆ: ಕಥೆಯನ್ನು ಹೊರಗೆ ತನ್ನಿ, ಬೀದಿ ತೋರಿಸಿ, ಗಾಳಿಯಾಡಲಿ. ಈ ಸಲಹೆ ಅರ್ಧ ಮಾತ್ರ ಸರಿ. ಕೇಳಬೇಕಾದ ಪ್ರಶ್ನೆ ಬೇರೆ. ನೇಪಥ್ಯವನ್ನು ಏನು ಮಾಡುತ್ತೀರಿ? ನೇಪಥ್ಯ ಎಂದರೆ ಪರದೆಯ ಹಿಂದಿನದು, ಪ್ರೇಕ್ಷಕರು ಕಾಣದ್ದು, ಆದರೆ ಇದೆ ಎಂದು ನಂಬಿರುವುದು. ಮನೆಯೊಂದರ ಕ್ರೌರ್ಯದ ಕಥೆಯಲ್ಲಿ ಅತಿ ಘೋರವಾದದ್ದೆಲ್ಲ ಅಲ್ಲೇ ಇರುತ್ತದೆ. ಮಹಡಿಯ ಮೇಲೆ, ಕಲ್ಲಿದ್ದಲ ಗೂಡಿನಲ್ಲಿ, ಮುಚ್ಚಿದ ಕೋಣೆಯಲ್ಲಿ. ನಾಟಕದ ಪ್ರತಿ ಹಿನ್ನೆಲೆ ಸಂಗತಿಗೂ ಸಿನಿಮಾದಲ್ಲಿ ಮೂರು ದಾರಿಗಳಿವೆ: ಕಣ್ಣಿಗೆ ತೋರಿಸುವುದು, ಕಿವಿಗೆ ಮಾತ್ರ ಕೇಳಿಸುವುದು, ಇಲ್ಲವೇ ಯಾರೋ ಬಂದು ಹೇಳುವಂತೆ ಬಿಡುವುದು. ಮೊದಲನೆಯದಕ್ಕೆ ಹಣ ಬೇಕು. ಎರಡನೆಯದಕ್ಕೆ ಕಿವಿ ಬೇಕು. ಮೂರನೆಯದಕ್ಕೆ ನಟರು ಬೇಕು. ಹಣವಿಲ್ಲದ ಚಿತ್ರ ಎರಡನೆಯ, ಮೂರನೆಯ ದಾರಿಗಳನ್ನೇ ಹೆಚ್ಚು ನೆಚ್ಚಬೇಕಾಗುತ್ತದೆ. ಅವೇ ಬಹಳ ಸಲ ಬಲವಾದ ದಾರಿಗಳು.

ಚಿತ್ರಕಥೆ ಬರೆದ ಇಬ್ಬರಲ್ಲಿ ಒಬ್ಬರು ನಿರ್ಮಾಪಕ ಐವನ್ ಫಾಕ್ಸ್‌ವೆಲ್. ಇನ್ನೊಬ್ಬರ ಹೆಸರು ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು, ವೇಲ್ಸ್‌ನ ಕವಿ ಡಿಲನ್ ಥಾಮಸ್. ಯುದ್ಧಕಾಲದಲ್ಲಿ ಅವರು ಸಾಕ್ಷ್ಯಚಿತ್ರಗಳಿಗೆ ಬರೆದಿದ್ದರು. ಇದೇ ನಿರ್ದೇಶಕ ಡೇನಿಯಲ್ ಬರ್ಟ್ ಅವರ ಇನ್ನೊಂದು ಚಿತ್ರಕ್ಕೂ ಕೈ ಜೋಡಿಸಿದರು. ಮುಂದೆ ರೇಡಿಯೋಕ್ಕಾಗಿ ಬರಿ ದನಿಗಳಲ್ಲೇ ಒಂದು ಊರು ಕಟ್ಟಿದವರು ಅವರೇ. ಕಿವಿಯಿಂದ ಬರೆಯುವ ಮನುಷ್ಯ.

ಚಿತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದಕ್ಕೆ ಸಾಕ್ಷಿ. ಮಕ್ಕಳಲ್ಲಿ ನೋರ್ಮಾ ಎಂಬವಳಿದ್ದಾಳೆ. ಎಲ್ಲರಿಗಿಂತ ದೊಡ್ಡವಳು, ಬಾಯಿ ಜೋರು, ಬದುಕಿನ ಪೆಟ್ಟು ತಿಂದು ಗಟ್ಟಿಯಾದವಳು. ರಾತ್ರಿ ಚಿಕ್ಕವರನ್ನು ಮಲಗಿಸುತ್ತ ಸಿಂಡರೆಲ್ಲಾ ಕಥೆ ಹೇಳುತ್ತಾಳೆ. ಹೇಳುವುದು ಪುಸ್ತಕದ ಮಾತಿನಲ್ಲಲ್ಲ, ಲಂಡನ್ನಿನ ಬೀದಿಯ ಮಾತಿನಲ್ಲಿ. ಅರಮನೆ, ರಾಜಕುಮಾರ, ಉಡುಪು ಎಲ್ಲವೂ ಅವಳು ಕಂಡ ಲೋಕದ ಸಾಮಾನುಗಳಿಂದ ಮಾಡಿದವು. ಇಲ್ಲಿ ಹಣವುಳ್ಳ ನಿರ್ಮಾಪಕ ಏನು ಮಾಡುತ್ತಿದ್ದ? ಅವಳ ಕಲ್ಪನೆಯನ್ನು ಪರದೆಯ ಮೇಲೆ ತರುತ್ತಿದ್ದ. ಅರಮನೆಯ ಸೆಟ್, ಕುಣಿತ, ದೀಪಗಳು. ಇಲ್ಲಿ ಅವು ಯಾವುವೂ ಇಲ್ಲ. ಒಂದು ಹುಡುಗಿಯ ಮುಖ, ಕೇಳುವ ಮಕ್ಕಳ ಮುಖ, ಅವಳ ಮಾತು, ಅಷ್ಟೇ. ಆದರೆ ಆ ಮಾತಿನಲ್ಲಿ ಎರಡು ನೇಪಥ್ಯಗಳು ಒಟ್ಟಿಗೆ ಕಾಣುತ್ತವೆ. ಒಂದು ಅವಳು ಬಯಸುವ ಲೋಕ, ಇನ್ನೊಂದು ಅವಳು ಬಂದ ಲೋಕ. ಬಯಕೆಯೂ ಎಂಥ ಮನೆಯಲ್ಲಿ ಬೆಳೆಯಿತೋ ಆ ಮನೆಯ ಆಕಾರದ್ದೇ. ಅರಮನೆಯ ಸೆಟ್ ಹಾಕಿದ್ದರೆ ಎರಡನೆಯದು ಮುಚ್ಚಿಹೋಗುತ್ತಿತ್ತು.

ನೋರ್ಮಾ ಆಗಿರುವುದು ಜೋನ್ ಡೌಲಿಂಗ್. ನಾಟಕದಲ್ಲೂ ಅವರೇ ಆ ಪಾತ್ರ ಮಾಡಿದ್ದರು, ಅದರಿಂದಲೇ ಸಿನಿಮಾಕ್ಕೆ ಬಂದರು. ಚಿತ್ರ ಬಂದಾಗ ಅವರಿಗೆ 20 ವರ್ಷ. ಕ್ಯಾಮೆರಾ ಹತ್ತಿರ ಬಂದಾಗ ವಯಸ್ಸು ಕಾಣುತ್ತದೆ. ಅದು ದೋಷವೇ? ನನಗೆ ಹಾಗನ್ನಿಸುವುದಿಲ್ಲ. ಬೇಗ ದೊಡ್ಡವಳಾಗಬೇಕಾದ ಹುಡುಗಿಗೆ ಆ ಮುಖ ಹೊಂದುತ್ತದೆ. ಮೇರಿ ಪಾತ್ರದ ಆ್ಯನ್ ಸ್ಟೀಫನ್ಸ್ ಬಾಲ್ಯದಿಂದಲೇ ಗ್ರಾಮಾಫೋನ್ ರೆಕಾರ್ಡುಗಳಲ್ಲಿ ಹಾಡಿ ಹೆಸರಾದವರು. ಇಂಗ್ಲೆಂಡಿನ ಮನೆಮನೆಗೂ ಆ ತಿದ್ದಿದ, ಮುದ್ದು ದನಿಯ ಪರಿಚಯವಿತ್ತು. ಅದೇ ದನಿ ಆ ಮನೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೆಡುವುದನ್ನು ಪ್ರೇಕ್ಷಕರು ಕೇಳಿದರು.

ಹೊರಗೆ ತಂದದ್ದರಲ್ಲಿ ಸಾರ್ಥಕವಾದದ್ದು ಯಾವುದು? ಶಿಕ್ಷಕಿಯ ಹೋರಾಟ. ಜಾಯ್ ಶೆಲ್ಟನ್ ಮಾಡಿರುವ ಜುಡಿತ್ ಡ್ರೇವ್ ಎಂಬ ಶಿಕ್ಷಕಿ ಮಕ್ಕಳ ಸ್ಥಿತಿ ಕಂಡು ಊರಿನ ಹಿರಿಯರ ಮುಂದೆ ದೂರುತ್ತಾಳೆ. ಅವರಲ್ಲಿ ಕೆಲವರಿಗೆ ಮಿಸೆಸ್ ವೋರೇ ಪರಿಚಯ ಬೇಕಾದ್ದಕ್ಕಿಂತ ಹೆಚ್ಚಾಗಿದೆ, ಉಳಿದವರಿಗೆ ಮಕ್ಕಳನ್ನು ಬೇರೆಲ್ಲಿ ಇಡುವುದು ಎಂಬ ತಲೆನೋವು ಬೇಡ. ಬೀದಿ ತೋರಿಸಿದರೆ ಗಾಳಿ ಬರುತ್ತದೆ ಅಷ್ಟೇ. ಸಭೆ ತೋರಿಸಿದಾಗ ಆ ಮನೆ ಯಾಕೆ ಹಾಗಿದೆ ಎಂಬುದು ತಿಳಿಯುತ್ತದೆ. ಡೆನಿಸ್ ಓನೀಲ್ ಪ್ರಕರಣದ ತನಿಖೆ ಎತ್ತಿ ತೋರಿಸಿದ್ದೂ ಇದನ್ನೇ, ಹೊಡೆದವನ ಜೊತೆಗೆ ಹೋಗಿ ನೋಡದವರನ್ನೂ. ಕಥೆಯನ್ನು ಮನೆಯಿಂದಾಚೆ ಒಯ್ಯುವುದಾದರೆ ಹೀಗೆ, ಮನೆಯ ಹಿಂದಿರುವ ಕಾರಣದವರೆಗೆ ಒಯ್ಯಬೇಕು.

ಚಿತ್ರ ಎಡವುವುದು ಎರಡು ಕಡೆ. ಒಂದು, ಕಥೆಗೆ ಹಾಕಿದ ಚೌಕಟ್ಟು. ಬೆಳೆದ ನೋರ್ಮಾ ಅಂಗಡಿಯಲ್ಲಿ ಕದ್ದು ಸಿಕ್ಕಿಬೀಳುವುದರಿಂದ ಶುರು ಮಾಡಿ ಹಿಂದಕ್ಕೆ ಹೋಗುತ್ತಾರೆ. ಬಾಲ್ಯ ಕೆಟ್ಟರೆ ಮುಂದೆ ಹೀಗಾಗುತ್ತದೆ ಎಂದು ತೋರಿಸುವ ಉದ್ದೇಶ ಒಳ್ಳೆಯದೇ. ಆದರೆ ಅದರಿಂದ ಎರಡು ನಷ್ಟ. ಅವಳು ಬದುಕಿ ಉಳಿಯುತ್ತಾಳೆ ಎಂದು ಮೊದಲೇ ಗೊತ್ತಾಗಿ ಮನೆಯ ಭಯ ಒಂದು ಹಿಡಿ ತಗ್ಗುತ್ತದೆ. ಸಿಂಡರೆಲ್ಲಾ ದೃಶ್ಯದಲ್ಲಿ ನಾವೇ ಊಹಿಸಬಹುದಾಗಿದ್ದ ಭವಿಷ್ಯವನ್ನು ಮುಂಚೆಯೇ ಹೇಳಿ ಕೈಗಿತ್ತಂತಾಗುತ್ತದೆ.

ಎರಡು, ಕೊನೆ. ನಾಟಕದಲ್ಲಿ ಕುಡಿದು ಬಿದ್ದ ಮಿಸೆಸ್ ವೋರೇ ಮಕ್ಕಳ ಕೈಯಿಂದಲೇ ಉಸಿರುಗಟ್ಟಿ ಸಾಯುತ್ತಾಳೆ. ಸಿನಿಮಾದಲ್ಲಿ ಅವಳು ಮೆಟ್ಟಿಲಿನಿಂದ ಬಿದ್ದು ಸಾಯುತ್ತಾಳೆ. ವ್ಯತ್ಯಾಸ ಸಣ್ಣದಲ್ಲ. ಮಕ್ಕಳು ಕೊಲ್ಲುವುದು ನಾಟಕದ ಇಡೀ ತರ್ಕದ ತುದಿ. ಯಾವ ದೊಡ್ಡವರೂ ಬರಲಿಲ್ಲ, ಕಾಯಿದೆ ಬರಲಿಲ್ಲ, ಅವರ ಪಾಲಿಗೆ ಉಳಿದದ್ದು ಅದೊಂದೇ ದಾರಿ. ಬಿದ್ದು ಸತ್ತರೆ ವಿಧಿಯೋ ದೇವರೋ ನ್ಯಾಯ ಕೊಟ್ಟಂತಾಗುತ್ತದೆ, ಸಭೆಯಲ್ಲಿ ಕೂತಿದ್ದವರೆಲ್ಲ ಬಚಾವಾಗುತ್ತಾರೆ. ಆಗ ಬ್ರಿಟನ್ನಿನಲ್ಲಿ ನಾಟಕಕ್ಕೂ ಸಿನಿಮಾಕ್ಕೂ ಬೇರೆ ಬೇರೆ ಸೆನ್ಸಾರ್ ಇತ್ತು. ನಾಟಕದ ಪಠ್ಯವನ್ನು ಅರಮನೆಯ ಅಧಿಕಾರಿ ಲಾರ್ಡ್ ಚೇಂಬರ್‌ಲೇನ್ ಓದಿ ಪರವಾನಗಿ ಕೊಡಬೇಕಿತ್ತು, 1968ರವರೆಗೂ ಆ ಪದ್ಧತಿ ನಡೆಯಿತು. ಸಿನಿಮಾಕ್ಕೆ ಉದ್ಯಮವೇ ಸ್ಥಾಪಿಸಿದ ಮಂಡಳಿ. ಒಂದು ಸಂಜೆ ಒಂದು ಮಂದಿರದಲ್ಲಿ ಕೂತ ವಯಸ್ಕರಿಗೆ ಸಲ್ಲುವುದು, ಮಕ್ಕಳೂ ಸೇರಿ ಲಕ್ಷಾಂತರ ಜನ ನೋಡುವ ಸಿನಿಮಾದಲ್ಲಿ ಸಲ್ಲದು ಎಂಬ ನಂಬಿಕೆ ಗಟ್ಟಿಯಾಗಿತ್ತು. ಹಾಗಿದ್ದರೂ ಮೆಟ್ಟಿಲನ್ನು ಆರಿಸಿದ್ದು ಕೆಟ್ಟ ಕಸುಬಲ್ಲ. ಮನೆಯೊಳಗಿನ ಸಿನಿಮಾದಲ್ಲಿ ಮೆಟ್ಟಿಲಿಗಿಂತ ಒಳ್ಳೆಯ ಸಾಧನವಿಲ್ಲ. ಮೇಲು, ಕೆಳಗು, ನೆರಳು, ಕಟಕಟೆ, ಕಾಣದ ಮಹಡಿ, ಎಲ್ಲವನ್ನೂ ಒಂದೇ ಸೆಟ್ ಕೊಡುತ್ತದೆ.

ಈ ಮನೆಯ ಕಥೆ ಇಲ್ಲಿಗೆ ಮುಗಿಯಲಿಲ್ಲ. 1951ರಲ್ಲಿ ಅದೇ ಎಂಬಸಿ ಥಿಯೇಟರಿನಲ್ಲಿ ಇನ್ನೊಬ್ಬಳು ಮನೆಯೊಡತಿ ಬಂದಳು. ನಾಟಕ ‘ವಿಮೆನ್ ಆಫ್ ಟ್ವೈಲೈಟ್’, ಬರೆದವರು ಸಿಲ್ವಿಯಾ ರೇಮನ್. ಅದು ವಾಡೆವಿಲ್ ಥಿಯೇಟರಿಗೆ ಹೋಯಿತು, ಮರುವರ್ಷ ಗಾರ್ಡನ್ ಪ್ಯಾರಿ ನಿರ್ದೇಶನದಲ್ಲಿ 89 ನಿಮಿಷದ ಸಿನಿಮಾ ಆಯಿತು. ಮದುವೆಯಾಗದ ತಾಯಂದಿರಿಗೆ ಬಾಡಿಗೆಗೆ ಕೋಣೆ ಕೊಡುವ ಹೆಲೆನ್ ಅಲಿಸ್ಟೇರ್ ಎಂಬವಳ ಮನೆ. ಹುಡುಗಿಯರು ಕೆಲಸಕ್ಕೆ ಹೋದಾಗ ಕೂಸುಗಳನ್ನು ನೋಡಿಕೊಳ್ಳುತ್ತೇನೆಂದು ಅವಳು ಹಣ ಪಡೆಯುತ್ತಾಳೆ, ಕೂಸುಗಳ ಹಾಲನ್ನು ಕಡಿಮೆ ಮಾಡಿ ಕಾಸು ಉಳಿಸುತ್ತಾಳೆ, ಕೂಸುಗಳ ವ್ಯಾಪಾರ ಮಾಡುತ್ತಾಳೆ. ಇಂಥ ಕಸುಬನ್ನು ತಡೆಯಲು ಇಂಗ್ಲೆಂಡಿನಲ್ಲಿ 1872ರಲ್ಲೇ ಕಾಯಿದೆ ಮಾಡಿದ್ದರು. ಸುಮಾರು 80 ವರ್ಷದ ಮೇಲೂ ಅದನ್ನು ಈಗಿನ ಕಥೆಯಾಗಿ ರಂಗಕ್ಕೆ ತಂದಾಗ ಜನ ನಂಬಿದರು. ನಂಬಲು ಕಾರಣ ಸರಳ. ಗರ್ಭಪಾತ ಅಪರಾಧ, ಅದು 1967ರ ಕಾಯಿದೆಯವರೆಗೆ. ಬಾಂಬು ಬಿದ್ದ ಊರಲ್ಲಿ ಬಾಡಿಗೆಗೆ ಕೋಣೆ ಸಿಗುವುದೇ ಕಷ್ಟ, ಬೆರಳಲ್ಲಿ ಉಂಗುರವಿಲ್ಲದ ಬಸುರಿಗೆ ಸಿಗುವುದೇ ಇಲ್ಲ. ಮತ್ತೆ ಛತ್ರದ ಪ್ರಶ್ನೆಯೇ. ಸಿನಿಮಾದಲ್ಲಿ ಆ ಒಡತಿಯಾಗಿ ಯಾರು? ಮತ್ತೆ ಫ್ರೀಡಾ ಜಾಕ್ಸನ್. ಬಾಡಿಗೆಗಿರುವ ಹುಡುಗಿಯರಲ್ಲಿ ಒಬ್ಬಳು ಜೋನ್ ಡೌಲಿಂಗ್.

ಈ ಎರಡನೆಯ ಒಡತಿ ಮೊದಲಿನವಳಂತಲ್ಲ. ಮಿಸೆಸ್ ವೋರೇ ಕೊಳಕಿ, ಕುಡುಕಿ. ಇವಳು ಅಚ್ಚುಕಟ್ಟು, ನಯ, ಸಂಭಾವಿತೆ. ಲೆಕ್ಕ ಮಾತ್ರ ಅದೇ, ತಲೆಗೆ ಇಷ್ಟು ಎಂದು ಬಂದ ಹಣದಲ್ಲಿ ಹೊಟ್ಟೆಗೆ ಹಾಕದೆ ಉಳಿಸಿದ್ದು ಲಾಭ. ಒಂದೇ ಕಸುಬನ್ನು ಎರಡು ಬೇರೆ ಮುಖಗಳಿಂದ ಮಾಡಿ ತೋರಿಸಿದ್ದು ಆ ನಟಿಯ ದೊಡ್ಡತನ. ಎರಡೂ ಚಿತ್ರಗಳನ್ನು ಒಂದರ ಹಿಂದೆ ಒಂದು ನೋಡಿ, ಅವರ ಕೈಗಳನ್ನೇ ಗಮನಿಸಿ.

ರೇಮನ್ ಅವರ ನಾಟಕದಲ್ಲಿ ಒಂದು ದಿಟ್ಟ ನಿರ್ಧಾರವಿತ್ತು, ರಂಗದ ಮೇಲೆ ಒಬ್ಬ ಗಂಡಸೂ ಬರುವುದಿಲ್ಲ. ಎಲ್ಲ ಪಾತ್ರಗಳೂ ಹೆಣ್ಣುಗಳೇ. ಈ ಹೆಣ್ಣುಗಳನ್ನು ಇಲ್ಲಿಗೆ ತಂದ ಗಂಡಸರೆಲ್ಲ ನೇಪಥ್ಯದಲ್ಲಿದ್ದಾರೆ. ಪ್ರೇಕ್ಷಕರು ಅವರ ಬಗ್ಗೆ ಕೇಳುತ್ತಾರೆ, ಕಾಣುವುದಿಲ್ಲ. ಬಂದುಹೋಗುವ ಸ್ವಾತಂತ್ರ್ಯ ಅವರದು, ಉಳಿದುಕೊಳ್ಳುವ ಭಾರ ಇವರದು ಎಂಬುದನ್ನು ಒಂದು ಮಾತೂ ಆಡದೆ ರಂಗವೇ ಹೇಳುತ್ತದೆ. ಕೂಸುಗಳೂ ಹಾಗೆಯೇ, ರಂಗದ ಮೇಲೆ ಅವು ಹೆಚ್ಚಾಗಿ ಬರಿ ಅಳು.

ಸಿನಿಮಾ ಆ ನೇಪಥ್ಯವನ್ನು ತೆರೆಯಿತು. ಕೊಲೆ ಆರೋಪದಲ್ಲಿ ಸಿಕ್ಕಿಬಿದ್ದ ಕ್ಲಬ್ ಹಾಡುಗಾರ ಜೆರಿ ನೋಲನ್‌ನನ್ನು ಪರದೆಗೆ ತಂದಿತು. ಅವನ ಮಗುವಿನ ತಾಯಾಗಲಿರುವ ವಿವಿಯನ್‌ಗೆ ಬೇರೆಲ್ಲೂ ಕೋಣೆ ಸಿಗದಿರುವುದು ಅವನ ಹೆಸರು ಪತ್ರಿಕೆಗಳಲ್ಲಿ ಬಂದದ್ದರಿಂದ. ಆ ಪಾತ್ರಕ್ಕೆ ಲಾರೆನ್ಸ್ ಹಾರ್ವಿ, ಚಿತ್ರ ತೆಗೆದ ರೊಮುಲಸ್ ಸಂಸ್ಥೆ ಬೆಳೆಸುತ್ತಿದ್ದ ತರುಣ. ಅವನನ್ನು ತೋರಿಸಿದ್ದರಿಂದ ಜೈಲಿನ ದೃಶ್ಯ ಸಿಕ್ಕಿತು, ಹಾಡು ಸಿಕ್ಕಿತು, ಪೋಸ್ಟರಿಗೆ ಒಂದು ಚೆಲುವಿನ ಮುಖ ಸಿಕ್ಕಿತು. ಕಳೆದುಹೋದದ್ದು ಆ ಮೌನದ ಹೇಳಿಕೆ. ವಿವಿಯನ್ ಆಗಿರುವ ರೀನೀ ರೇ ನಾಟಕದಲ್ಲೂ ಅದೇ ಪಾತ್ರ ಮಾಡಿದವರು. ಮನೆಯೊಳಗಿನ ದೃಶ್ಯಗಳಲ್ಲಿ ಅವರು ಅವನ ಬಗ್ಗೆ ಮಾತಾಡುವಾಗ ಬರುವ ಬಲ, ಅವನ ಎದುರಿಗೆ ಕೂತು ಮಾತಾಡುವಾಗ ಬರುವುದಿಲ್ಲ. ನಟಿಯಲ್ಲಿ ಕೊರತೆಯಿಲ್ಲ. ಮೊದಲನೆಯ ಕಡೆ ನಾವು ಅವನನ್ನು ಅವಳ ಕಣ್ಣಿನಿಂದ ಕಾಣುತ್ತೇವೆ, ಎರಡನೆಯ ಕಡೆ ನಮ್ಮ ಕಣ್ಣಿನಿಂದ ಕಾಣುತ್ತೇವೆ. ಅವಳ ಕಣ್ಣೇ ಆ ಕಥೆಯ ಜೀವ.

ಕೊನೆಯದಾಗಿ ಪ್ರಮಾಣಪತ್ರದ ಬಗ್ಗೆ, ಯಾಕೆಂದರೆ ಮೊದಲ ಚಿತ್ರಕ್ಕೆ ಕೊನೆ ಬದಲಿಸಬೇಕಾಗಿ ಬಂದಿದ್ದರೆ, ಈ ಎರಡನೆಯದಕ್ಕೆ ಬೇರೊಂದು ಬಾಗಿಲು ತೆರೆದಿತ್ತು. 1951ರ ಜನವರಿಯಿಂದ ಬ್ರಿಟಿಷ್ ಸೆನ್ಸಾರ್ ಮಂಡಳಿ ‘ಎಕ್ಸ್’ ಎಂಬ ಹೊಸ ವರ್ಗ ತಂದಿತು. 16 ವರ್ಷದ ಕೆಳಗಿನವರಿಗೆ ಪ್ರವೇಶವಿಲ್ಲ, ದೊಡ್ಡವರ ಜೊತೆ ಬಂದರೂ ಇಲ್ಲ. ಆವರೆಗೆ ಭಯಾನಕ ಚಿತ್ರಗಳಿಗೆ ‘ಎಚ್’ ಎಂಬ ಗುರುತಿತ್ತು. ವಯಸ್ಕರ ವಿಷಯವನ್ನು ಗಂಭೀರವಾಗಿ ಹೇಳುವ ಚಿತ್ರಕ್ಕೆ ಪ್ರತ್ಯೇಕ ಜಾಗ ಇರಲಿಲ್ಲ. ‘ವಿಮೆನ್ ಆಫ್ ಟ್ವೈಲೈಟ್’ ಎಕ್ಸ್ ಪಡೆದ ಮೊದಲ ಬ್ರಿಟಿಷ್ ಚಿತ್ರ. ಇದಕ್ಕೆ ಬೆಲೆಯೂ ಇತ್ತು. ಆಗಿನ ದೊಡ್ಡ ಚಿತ್ರಮಂದಿರ ಸರಣಿಗಳು ಬದುಕಿದ್ದೇ ಇಡೀ ಮನೆಮಂದಿ ವಾರಕ್ಕೊಮ್ಮೆ ಬರುವುದರ ಮೇಲೆ. ಮಕ್ಕಳನ್ನು ಬಾಗಿಲಲ್ಲಿ ತಡೆದರೆ ಅಪ್ಪ ಅಮ್ಮನೂ ಹಿಂದಿರುಗುತ್ತಾರೆ. ಹಾಗಾಗಿ ಎಕ್ಸ್ ಚಿತ್ರ ಹಾಕಲು ಅವರು ಹಿಂಜರಿದರು. ದೊಡ್ಡ ಬಂಡವಾಳದ ಚಿತ್ರ ಈ ನಷ್ಟ ತಾಳಲಾರದು. ಒಂದು ಮನೆ, ಒಂದು ಮೆಟ್ಟಿಲು, ಹತ್ತು ಹನ್ನೆರಡು ನಟಿಯರಿದ್ದ ಚಿತ್ರ ತಾಳಬಹುದಿತ್ತು. ಮರುವರ್ಷವೇ, 1953ರಲ್ಲಿ, ನಾಟಕದಿಂದಲೇ ಬಂದ ಇನ್ನೊಂದು ಕಡಿಮೆ ಖರ್ಚಿನ ಚಿತ್ರ ‘ಕಾಷ್ ಬಾಯ್’ ಅದೇ ಗುರುತು ಹೊತ್ತು ಬಂತು. 1959ರ ಜನವರಿಯಲ್ಲಿ ಲಾರೆನ್ಸ್ ಹಾರ್ವಿ ನಾಯಕನಾಗಿ, ಅದೇ ರೊಮುಲಸ್ ಸಂಸ್ಥೆಯ ‘ರೂಮ್ ಅಟ್ ದಿ ಟಾಪ್’ ಎಕ್ಸ್ ಗುರುತಿನೊಂದಿಗೇ ದೊಡ್ಡ ಯಶಸ್ಸು ಕಂಡಿತು. ಬ್ರಿಟಿಷ್ ಸಿನಿಮಾದ ಹೊಸ ಅಲೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅಲ್ಲಿಂದ ಆರಂಭಿಸುತ್ತಾರೆ. ಏಳು ವರ್ಷ ಹಿಂದಕ್ಕೆ ಹೋಗಿ, ಕೋಣೆ ಹುಡುಕಿಕೊಂಡು ಬಂದ ವಿವಿಯನ್‌ಗೆ ಫ್ರೀಡಾ ಜಾಕ್ಸನ್ ಬಾಗಿಲು ತೆರೆಯುವ ದೃಶ್ಯದಿಂದ ಆರಂಭಿಸಬೇಕು.